ನಾಲ್ಕನೇ ಹಾಡಿನ ತಕರಾರು

ನಮ್ಮೂರಿನಲ್ಲಿ ಒಂದು ಕ್ಯಾಸೆಟ್ಟನ್ನು ಕೇಳಿದವರೆಲ್ಲ ಒಂದೇ ಮಾತು ಹೇಳಿಬಿಟ್ಟರೆ ಅದು ಮೂಕವಾಗುತ್ತದೆ. ಎಲ್ಲರೂ ಚೆನ್ನಾಗಿದೆ ಅಂದರೂ ಅಷ್ಟೇ, ಎಲ್ಲರೂ ಕೆಟ್ಟದಾಗಿದೆ ಅಂದರೂ ಅಷ್ಟೇ. ಚಕ್ರಗಳು ತಿರುಗುತ್ತಿರುತ್ತವೆ, ಕೆಂಪು ದೀಪ ಉರಿಯುತ್ತಿರುತ್ತದೆ, ಒಳಗಿನಿಂದ ಮಾತ್ರ ಏನೂ ಬರುವುದಿಲ್ಲ. ಕೇಳಿದವರಲ್ಲಿ ಒಬ್ಬರಾದರೂ, ನನಗೆ ಹಾಗನ್ನಿಸುವುದಿಲ್ಲ ಎಂದು ಹೇಳಿದರೆ ಮತ್ತೆ ಹಾಡತೊಡಗುತ್ತದೆ. ಹೇಳಿದ್ದು ಮನಸ್ಸಿನದ್ದಾಗಿರಬೇಕು. ಮನಸ್ಸಿನಲ್ಲಿದ್ದದ್ದನ್ನು ಬಾಯಿಬಿಟ್ಟು ಹೇಳಿರಬೇಕು. ಎರಡರಲ್ಲಿ ಒಂದಿದ್ದರೆ ಸಾಲದು. ಮೂಕವಾದದ್ದನ್ನು ಹೊಳೆ ದಾಟಿಸಿ ಬೇರೆ ಊರಿಗೆ ಒಯ್ದು ಹಚ್ಚಿ ನೋಡಿದವರೂ ಇದ್ದಾರೆ. ಅಲ್ಲಿಯೂ ಅದು ಬಾಯಿ ತೆರೆಯಲಿಲ್ಲ. ನಮ್ಮೂರಿನ ಮೌನವನ್ನು ಜೊತೆಗೇ ಒಯ್ದಿತ್ತು.

ಇದಕ್ಕೆ ನಾವು ಯಾವತ್ತೋ ಹೊಂದಿಕೊಂಡಿದ್ದೇವೆ. ಹೆಣ್ಣು ನೋಡಲು ಬಂದವರು ಅಡುಗೆಯ ಮಾತೆತ್ತುವ ಮೊದಲು, ಹುಡುಗಿಗೆ ಗಜಲ್ ಸೇರುತ್ತದೆಯೇ ಎಂದು ಕೇಳುತ್ತಾರೆ. ಹುಡುಗನಿಗೆ ಸೇರುವುದಾದರೆ ಹುಡುಗಿಗೆ ಸೇರದಿರುವುದು ಒಳ್ಳೆಯದು, ಮನೆಯಲ್ಲಿ ಹಾಡು ಉಳಿಯುತ್ತದೆ. ಮೂಕವಾದ ಕ್ಯಾಸೆಟ್ಟುಗಳನ್ನು ಯಾರೂ ಎಸೆಯುವುದಿಲ್ಲ. ತೊಟ್ಟಿಲ ಬಳಿ ಹಚ್ಚಿಟ್ಟರೆ ಕೂಸು ಗಾಢವಾಗಿ ನಿದ್ದೆ ಮಾಡುತ್ತದೆ. ಮಧ್ಯಾಹ್ನ ಓಣಿಯಲ್ಲಿ ನಡೆದು ಹೋದರೆ ಯಾವ ಯಾವ ಮನೆಯಲ್ಲಿ ಸದ್ದಿಲ್ಲದ ಹಾಡು ತಿರುಗುತ್ತಿದೆ ಎಂದು ಗೊತ್ತಾಗಿಬಿಡುತ್ತದೆ. ಅಂಥ ಬಾಗಿಲ ಮುಂದೆ ನಾಯಿಗಳೂ ನಿಧಾನವಾಗಿ ಹೆಜ್ಜೆ ಇಡುತ್ತವೆ.

ನನ್ನ ಹೆಸರು ಕಾಶವ್ವ. ಮಾಬುಸಾಬನ ಕ್ಯಾಸೆಟ್ ಅಂಗಡಿಯ ಎದುರಿಗೆ ನನ್ನ ಹಿಟ್ಟಿನ ಗಿರಣಿ. ಮೂವತ್ತು ವರ್ಷದಿಂದ ನಡೆಸುತ್ತಿದ್ದೇನೆ. ಶಾಲೆಗೆ ಹೋದದ್ದು ಎರಡು ವರ್ಷ, ಅದೂ ಮಳೆ ಬಾರದ ದಿನ. ಆದರೆ ಕಾಳು ಕಲ್ಲಿನೊಳಗೆ ಬಿದ್ದ ಸದ್ದಿನಿಂದಲೇ ಜೋಳ ಹಸಿಯಾಗಿದೆಯೋ ಒಣಗಿದೆಯೋ, ಗೋಧಿಯಲ್ಲಿ ಹರಳು ಉಳಿದಿದೆಯೋ ಇಲ್ಲವೋ ಹೇಳಬಲ್ಲೆ. ಡಬ್ಬಿ ಹಿಡಿದು ಸಾಲಿನಲ್ಲಿ ನಿಂತವರು ಸುಮ್ಮನೆ ನಿಲ್ಲುತ್ತಾರೆಯೇ? ಎದುರು ಅಂಗಡಿಯಿಂದ ಹೊಸ ಹಾಡು ಕೇಳಿಬರುತ್ತಿರುತ್ತದೆ. ಹಿಟ್ಟಿನ ಮಂಜಿನಲ್ಲಿ ನಿಂತುಕೊಂಡು, ಹುಬ್ಬು ಬೆಳ್ಳಗೆ ಮಾಡಿಕೊಂಡು, ಊರಿನ ಜನ ಅಭಿಪ್ರಾಯ ಹೇಳುವುದು ನನ್ನ ಗಿರಣಿಯಲ್ಲೇ. ಹೇಳಿದ್ದನ್ನು ಚೀಟಿಯಲ್ಲಿ ಬರೆದು ಅಂಗಡಿಯ ಮುಂದಿನ ಹಲಗೆಗೆ ಅಂಟಿಸುತ್ತಾರೆ. ಅಂಟಿಗೆ ನನ್ನ ಗಿರಣಿಯ ಗೋಧಿ ಹಿಟ್ಟು.

ಮಠದವರು ಹೊರತಂದ ಭಕ್ತಿಗೀತೆಗಳ ಕ್ಯಾಸೆಟ್ಟನ್ನು ಕೆಟ್ಟದು ಎನ್ನಲು ಯಾರಿಗೂ ಧೈರ್ಯ ಬರಲಿಲ್ಲ. ಮೂರನೇ ದಿನಕ್ಕೆ ಮೂಕವಾಯಿತು. ಅಯ್ಯನವರು ಅಂಗಡಿಯ ಕಟ್ಟೆಯ ಮೇಲೆ ತಲೆ ಮೇಲೆ ಕೈಹೊತ್ತು ಕೂತಿದ್ದಾಗ ಹೂ ಮಾರುವ ತುಂಗಾಬಾಯಿ, "ತಾಳ ಅಷ್ಟ್ಯಾಕ್ರೀ ಬಡೀಬೇಕು? ದೇವರು ಕಿವಡ ಏನ್ರೀ?" ಎಂದಳು. ಅಷ್ಟಕ್ಕೇ ಪೆಟ್ಟಿಗೆಯೊಳಗಿಂದ ಭಜನೆ ಶುರುವಾಯಿತು. ಅಯ್ಯನವರು ಅವಳಿಗೆ ಕೈ ಮುಗಿದರು, ಮುಖ ಮಾತ್ರ ಗಂಟಿಕ್ಕಿಕೊಂಡಿದ್ದರು. ಪರದೇಶದವರು ಗಿಟಾರ್ ಬಾರಿಸಿಕೊಂಡು ಕಿರುಚುವ ಒಂದು ಕ್ಯಾಸೆಟ್ ಬಂದಿತ್ತು. ದವಾಖಾನೆಯ ಕಂಪೌಂಡರು, ಇದು ಗಂಟಲು ಬೇನೆಯವರ ಹಾಡು, ಬಿಸಿನೀರಿಗೆ ಉಪ್ಪು ಹಾಕಿ ಮುಕ್ಕಳಿಸಬೇಕು ಎಂದು ಬರೆದರು. ಅದರ ಕೆಳಗೆ ಕಮ್ಮಾರ ಕಾಳಪ್ಪ ಬರೆದದ್ದು ಒಂದೇ ಸಾಲು: 'ಕಬ್ಬಿಣ ತಿಳಿದವರು.' ಅವನೊಬ್ಬನಿಂದಾಗಿ ಅದು ಇವತ್ತಿಗೂ ಹಾಡುತ್ತಿದೆ, ಕುಲುಮೆಯಲ್ಲಿ. ಗಜಲಿನ ಕ್ಯಾಸೆಟ್ಟಿಗೆ ಕ್ಷೌರಿಕ ಹನುಮಂತ, ಎಂಟೂ ಹಾಡು ಹಸಿ ಟವೆಲಿನಂತಿವೆ, ಹಿಂಡಿದಷ್ಟೂ ನೀರು ಎಂದು ಬರೆದ. ಮಕ್ಕಳ ಹಾಡಿನ ಕ್ಯಾಸೆಟ್ಟಿಗೆ ಅಂಗನವಾಡಿಯ ಟೀಚರು, ಮೊದಲ ಹಾಡು ಮಗುವಿನದು, ಉಳಿದದ್ದೆಲ್ಲ ಮಗುವಿನಂತೆ ಮಾತಾಡುವ ದೊಡ್ಡವರದು, ಅದನ್ನು ಮಕ್ಕಳೇ ಮೊದಲು ಕಂಡುಹಿಡಿದರು ಎಂದು ಬರೆದರು. ಬರೀ ಊದುವ ವಾದ್ಯದ ಒಂದು ಕ್ಯಾಸೆಟ್ಟಿತ್ತು, ಹಾಡೇ ಇಲ್ಲ. ಪೋಸ್ಟ್‌ಮನ್ ಅದನ್ನು ಕೇಳಿ, "ಈ ಮನಷ್ಯಾ ಪತ್ರ ಹಾಕಾಕಂತ ಮನೀ ಬಿಟ್ಟಾನ, ಪತ್ರ ಮರತಾನ, ಊರೆಲ್ಲಾ ಸುತ್ತಿ ಬಂದಾನ. ಆದ್ರ ಸುತ್ತಿದ್ದು ಛಲೋ ಆಗೈತಿ" ಎಂದ. ನನಗೆ ಅದು ಬಹಳ ಹಿಡಿಸಿತು. ನಾನೂ ಒಮ್ಮೆ ಹಾಗೆ ಸುತ್ತಬೇಕು ಅನ್ನಿಸಿತ್ತು.

ಇನ್ನು ಸುಗಲಾಳ ವಿಷಯ.

ನನ್ನ ಗಿರಣಿಯ ಹಿಂದಿನ ಗೋಡೆ ಮತ್ತು ಬೋರ್ಡ್ ಬರೆಯುವ ಬಾಳಪ್ಪನ ಬಣ್ಣದ ಕೋಣೆಯ ಗೋಡೆ ಒಂದೇ. ಸುಗಲಾ ಅವನ ತಂಗಿ. ತಾಯಿ ಹೋದಾಗ ಅವಳಿಗೆ ನಾಲ್ಕು ವರ್ಷ, ಅವನಿಗೆ ಹದಿನೆಂಟು. ತಲೆ ಬಾಚಿದವನೂ ಅವನೇ, ಹಾರ್ಮೋನಿಯಂ ಮುಂದೆ ಕೂರಿಸಿದವನೂ ಅವನೇ. ಅವಳಿಗೆ ಇಪ್ಪತ್ತಮೂರಾದಾಗ ಹೊಳೆಯಾಚೆಯಿಂದ ಒಬ್ಬರು ಯಂತ್ರ ಹೊತ್ತು ತಂದು, ಅದೇ ಬಣ್ಣದ ಕೋಣೆಯಲ್ಲಿ ಒಂದೇ ಮಧ್ಯಾಹ್ನದಲ್ಲಿ ಆರು ಹಾಡು ತುಂಬಿಸಿಕೊಂಡು ಹೋದರು. ಕ್ಯಾಸೆಟ್ಟಿಗೆ 'ಹುಣಸೆ ನೆರಳು' ಎಂದು ಹೆಸರು. ಮೇಲಿನ ಚಿತ್ರ ಬಾಳಪ್ಪನದು. ಬಂದ ಹೊಸದರಲ್ಲಿ ಹಲಗೆಯ ತುಂಬ ಚೀಟಿ. ಒಬ್ಬರಿಗೆ ತಬಲಾ ಜಾಸ್ತಿಯಾಯಿತು, ಇನ್ನೊಬ್ಬರಿಗೆ ಐದನೇ ಹಾಡು ಹಳೆಯದೆನ್ನಿಸಿತು. ನಾನು ಹೇಳಿ ಬರೆಯಿಸಿದ್ದು ಇಷ್ಟು: 'ನಾಲ್ಕನೇ ಹಾಡಿನ ಎರಡನೇ ನುಡಿಯಲ್ಲಿ ಹುಡುಗಿ ಸುಮ್ಮಸುಮ್ಮನೆ ನಿಲ್ಲುತ್ತಾಳೆ. ಮೋಟಾರಿನ ಪಟ್ಟಾ ಜಾರಿದ ಗಿರಣಿಯಂತೆ. ಅದರಿಂದ ಇಡೀ ಹಾಡು ಎಳೆಯುತ್ತದೆ. ನನಗೆ ಸೇರಲಿಲ್ಲ.'

ಸುಗಲಾ ಅದನ್ನು ಓದಿ ನಗುತ್ತಲೇ ಬಂದಳು. "ಕಾಶಕ್ಕಾ, ಈ ಸದ್ದಿನಾಗ ನಿನಗ ನಾ ನಿಂತದ್ದು ಕೇಳಿಸ್ತೇನ?"

"ಕೇಳಿಸ್ತವಾ. ಸದ್ದಿನಾಗ ಇದ್ದವರಿಗೇ ಸದ್ದು ನಿಂತದ್ದು ಗೊತ್ತಾಗೂದು. ಯಾಕ ನಿಂತಿ?"

"ಹಂಗ ಸುಮ್ನ" ಎಂದಳು. ಕಟ್ಟೆಯ ಮೇಲಿನ ಹಿಟ್ಟಿನಲ್ಲಿ ಬೆರಳಿನಿಂದ ಒಂದು ಹಕ್ಕಿ ಬರೆದು ಹೋದಳು.

ಮರುವರ್ಷ ಜ್ವರದಲ್ಲಿ ತೀರಿಕೊಂಡಳು. ಮೂರೇ ದಿನದ ಜ್ವರ.

ಅದಾದ ಮೇಲೆ ಹಲಗೆಯ ಮೇಲಿನ ಚೀಟಿಗಳು ಒಂದೊಂದಾಗಿ ಮಾಯವಾದವು. ನಾಚಿಕೆಯಿಂದಲ್ಲ, ಜನರಿಗೆ ನಿಜವಾಗಿಯೂ ಆ ದನಿಯಲ್ಲಿ ಕೊರತೆ ಕಾಣದಾಯಿತು. ತಬಲಾ ಜಾಸ್ತಿ ಎಂದವನೇ ಆ ತಬಲಾ ಕೇಳಿ ಅಳುತ್ತಿದ್ದ. ನನ್ನ ಚೀಟಿ ಮಾತ್ರ ಉಳಿಯಿತು. ಸತ್ತ ಹುಡುಗಿಯ ಮೇಲೆ ಇವಳಿಗೇಕೆ ಹಟ ಎಂದು ಕೆಲವರು ಆಡಿಕೊಂಡರು. ನನಗೇನೂ ಹಟವಿರಲಿಲ್ಲ. ಆ ಹುಡುಗಿಯನ್ನು ನನ್ನ ಮಗಳಂತೆ ನೋಡಿದವಳು ನಾನು. ಆದರೆ ನಾಲ್ಕನೇ ಹಾಡು ಎಳೆಯುತ್ತಿತ್ತು. ಸತ್ತರು ಎಂದ ಮಾತ್ರಕ್ಕೆ ಹಾಡು ನೆಟ್ಟಗಾಗುತ್ತದೆಯೇ?

ಆಮೇಲೆ ಜನರಿಗೇ ಹೊಳೆಯಿತು, ಕಾಶವ್ವನ ಆ ಒಂದು ಚೀಟಿಯಿಂದ ಹುಡುಗಿಯ ದನಿ ಉಳಿದಿದೆ ಎಂದು. ದೀಪ ಹಚ್ಚುವ ಹೊತ್ತಿಗೆ ಬಾಳಪ್ಪ ಕಿಟಕಿ ತೆರೆದು ಕ್ಯಾಸೆಟ್ ಹಚ್ಚುತ್ತಿದ್ದ. ಓಣಿಯ ತುಂಬ ಸುಗಲಾ ಹರಡಿಕೊಳ್ಳುತ್ತಿದ್ದಳು. ಹಗ್ಗದ ಮೇಲಿನ ಸೀರೆಗಳು ಗಾಳಿಯಿಲ್ಲದೆ ಅಲುಗುತ್ತಿದ್ದವು, ಬಾವಿಗೆ ಬಿಟ್ಟ ಕೊಡ ಅರ್ಧದಲ್ಲಿ ನಿಲ್ಲುತ್ತಿತ್ತು. ವಾರಕ್ಕೊಮ್ಮೆ ಬಾಳಪ್ಪ ಜೋಳದ ಡಬ್ಬಿ ತರುತ್ತಿದ್ದ. ಹನ್ನೆರಡು ವರ್ಷ ನಮ್ಮಿಬ್ಬರ ನಡುವೆ ಒಂದೇ ಮಾತು.

"ಇನ್ನೂ ಸೇರಂಗಿಲ್ಲಲ್ಲ, ಕಾಶಕ್ಕಾ?"

"ಇಲ್ಲೋ ಬಾಳಪ್ಪ. ಎಳೀತಾಳ."

"ಛಲೋ ಆತು" ಎಂದು ಬಿಸಿ ಹಿಟ್ಟಿನ ಡಬ್ಬಿ ಎದೆಗವಚಿಕೊಂಡು ಹೋಗುತ್ತಿದ್ದ.

ಹೋದ ಬೇಸಿಗೆಯಲ್ಲಿ ನನ್ನ ಮೋಟಾರು ಸುಟ್ಟಿತು. ಸುರುಳಿ ಸುತ್ತಿಸಿ ತರಲು ಮೂರು ದಿನ ಹಿಡಿಯಿತು. ಮೂವತ್ತು ವರ್ಷದಲ್ಲಿ ಗಿರಣಿ ಅಷ್ಟು ದಿನ ಸುಮ್ಮನಿದ್ದದ್ದು ಅದೇ ಮೊದಲು. ಮೊದಲ ದಿನ ಸದ್ದು ಕಿವಿಯೊಳಗೇ ತಿರುಗುತ್ತಿತ್ತು. ಎರಡನೇ ದಿನ ಸಣ್ಣಗಾಯಿತು. ಮೂರನೇ ದಿನ ಸಂಜೆ, ಮೈಯಿಂದ ದೊಡ್ಡ ಕಂಬಳಿ ಜಾರಿದಂತೆ, ಕಿವಿಯಿಂದ ಗಿರಣಿ ಇಳಿಯಿತು. ನನಗೆ ನನ್ನ ಬಳೆಯ ಸದ್ದು ಕೇಳಿಸಿತು. ತೊಲೆಯ ಮೇಲೆ ಕೂತ ಹಿಟ್ಟು ಉದುರುವುದು ಕೇಳಿಸಿತು. ಅಷ್ಟರಲ್ಲಿ ಗೋಡೆಯಾಚೆ ಬಾಳಪ್ಪ ಕ್ಯಾಸೆಟ್ ಹಚ್ಚಿದ.

ಬಾಗಿಲಲ್ಲಿ ಕೂತು ಕೇಳಿದೆ. ನಾಲ್ಕನೇ ಹಾಡು ಬಂತು, ಎರಡನೇ ನುಡಿ ಬಂತು, ಹುಡುಗಿ ನಿಂತಳು. ಆ ನಿಂತ ಜಾಗದಲ್ಲಿ, ತೀರಾ ಆಳದಲ್ಲಿ, ಏನೋ ಗರಗರ ಅನ್ನುತ್ತಿತ್ತು. ಗರಗರ ಅಂದದ್ದು ಸಣ್ಣಗಾಗುತ್ತ ಬಂತು, ಕೊನೆಯ ಕಾಳು ಕಲ್ಲಿನೊಳಗೆ ಬಿದ್ದು ತಿರುಗಿತು, ಪಟ್ಟಾ ನಾಲ್ಕು ಸಲ ಬಡಿದು ಸುಮ್ಮನಾಯಿತು. ಆಗ ಸುಗಲಾ ಮುಂದಿನ ಸಾಲು ಎತ್ತಿಕೊಂಡಳು.

ನನ್ನ ಪಟ್ಟಾದ ಹೊಡೆತ ನನಗೆ ತಿಳಿಯುವುದಿಲ್ಲವೇ? ಅದು ನನ್ನ ಗಿರಣಿ.

ಯಂತ್ರದವರು ಹಾಡು ತುಂಬಿಸಿಕೊಳ್ಳಲು ಬಂದಿದ್ದ ಆ ಮಧ್ಯಾಹ್ನ ನೆನಪಿಗೆ ಬಂತು. ಎರಡು ಮದುವೆ ಮನೆಯ ಗೋಧಿ ಬಂದಿತ್ತು, ಡಬ್ಬಿಗಳ ಸಾಲು ಮೆಟ್ಟಿಲಿಳಿದು ರಸ್ತೆಗೆ ಹೋಗಿತ್ತು. ಸುಗಲಾ ಹೊಸ ಸೀರೆಯುಟ್ಟು ಬಾಗಿಲಿಗೆ ಬಂದು ನಿಂತಳು. ಏನೋ ಕೇಳಲು ಬಂದವಳು ನನ್ನನ್ನು ನೋಡಿದಳು, ಸಾಲನ್ನು ನೋಡಿದಳು, ತಲೆಯಾಡಿಸಿ ಹೋದಳು. ಒಂದು ಗಳಿಗೆ ಗಿರಣಿ ನಿಲ್ಲಿಸು ಎಂದು ಕೇಳಲು ಬಂದಿದ್ದಳು. ಕೇಳಲಿಲ್ಲ. ಹೋಗಿ, ಹಾಡುತ್ತ ಹಾಡುತ್ತ, ನನ್ನ ಕಾಳು ಮುಗಿಯುವ ತನಕ ಕಾದಳು. ಕಾದದ್ದನ್ನೂ ಹಾಡಿನಂತೆಯೇ ಕಾದಳು.

ಅಲ್ಲಿ ನಾನು ತಪ್ಪು ಮಾಡಿದೆ. ಅರವತ್ತರ ಹತ್ತಿರ ಬಂದವಳು, ಇದೇ ಊರಿನಲ್ಲಿ ಹುಟ್ಟಿ ಬೆಳೆದವಳು, ಬಾಯಿ ಬಿಗಿ ಹಿಡಿಯಬೇಕಿತ್ತು. "ಎಷ್ಟು ಚಂದ ಕಾದ್ಯವಾ ನನ್ನ ತಾಯಿ" ಎಂದುಬಿಟ್ಟೆ.

ಹಾಡು ಅರ್ಧ ಸಾಲಿನಲ್ಲಿ ನಿಂತಿತು. ಗೋಡೆಯಾಚೆ ಬ್ರಶ್ಶು ನೆಲಕ್ಕೆ ಬಿದ್ದ ಸದ್ದಾಯಿತು.

ಬಾಳಪ್ಪ ಬಂದಾಗ ಕೈಯಲ್ಲಿ ನೀಲಿ ಬಣ್ಣ ಹಾಗೇ ಇತ್ತು. ಬಾಗಿಲಲ್ಲಿ ನಿಂತು ನನ್ನನ್ನು ನೋಡಿದ. "ಸೇರಿತೇನ?"

"ಸೇರಿತೋ ಬಾಳಪ್ಪ. ತಪ್ಪಾತು. ಆಕಿ ನನ್ನ ಗಿರಣಿ ನಿಂದ್ರಲಿ ಅಂತ ಕಾದಾಳ."

"ನನಗ ಗೊತ್ತಿತ್ತು" ಎಂದ.

"ಗೊತ್ತಿತ್ತಾ? ಹನ್ನೆರಡು ವರ್ಷ ಯಾಕ ಹೇಳ್ಲಿಲ್ಲ?"

"ಹೇಳಿದ್ರ ನಿನಗ ಸೇರಿಬಿಡ್ತಿತ್ತು" ಎಂದು ಮೆಟ್ಟಿಲ ಮೇಲೆ ಕುಸಿದ. "ಇನ್ನ ಆಕಿ ದನಿ ಎಲ್ಲಿಂದ ತರ್ಲಿ ನಾನು?" ಎಂದ.

ಮರುದಿನದಿಂದ ಊರಿಗೆ ಊರೇ ಸುಗಲಾಳ ಹಾಡಿನಲ್ಲಿ ತಪ್ಪು ಹುಡುಕತೊಡಗಿತು. ಮೋಟಾರು ಬಂದಿತ್ತು, ಸಾಲು ಸೇರಿತ್ತು. ಗಿರಣಿಯ ಕಟ್ಟೆಯ ಮೇಲೆ ಟೇಪ್ ರೆಕಾರ್ಡರು, ಅದರೊಳಗೆ ಸುಮ್ಮನೆ ತಿರುಗುವ 'ಹುಣಸೆ ನೆರಳು'. ಒಬ್ಬೊಬ್ಬರೇ ಬಂದು ಅದರ ಮುಂದೆ ಬಾಗಿ ಮಾತಾಡಿದರು.

"ಮೊದಲನೇ ಹಾಡು ಭಾಳ ಉದ್ದ ಆತು" ಎಂದ ಮಾಬುಸಾಬ. ಚಕ್ರ ತಿರುಗಿತು, ಸದ್ದಿಲ್ಲ.

"ಸುಳ್ಳು ಹೇಳಬ್ಯಾಡ ಮಾಬಣ್ಣಾ" ಎಂದಳು ತುಂಗಾಬಾಯಿ. "ಅದನ್ನ ನೀ ಎರಡೆರಡು ಸಲ ಹಚ್ಚತಿದ್ದಿ."

"ಹಂಗಾರ ನೀ ಹೇಳು. ದೇವರಿಗೇ ಹೆದರದಾಕಿ."

ತುಂಗಾಬಾಯಿ ಸೆರಗು ಸರಿಮಾಡಿಕೊಂಡು ಪೆಟ್ಟಿಗೆಯ ಮುಂದೆ ನಿಂತಳು. "ಆಕಿ ದನಿ… ಆಕಿ ದನಿ ಸ್ವಲ್ಪ…" ಎಂದವಳು ಅಲ್ಲಿಗೇ ಕಣ್ಣೊರೆಸಿಕೊಂಡು, "ನನ್ನ ಕೈಲಿ ಆಗಂಗಿಲ್ಲವಾ" ಎಂದು ಹಿಂದೆ ಸರಿದಳು. ಕಂಪೌಂಡರು ಶ್ರುತಿಯ ಬಗ್ಗೆ ಏನೋ ಹೇಳಿದರು, ಯಾರಿಗೂ ಅರ್ಥವಾಗಲಿಲ್ಲ, ಪೆಟ್ಟಿಗೆಗೂ ಆಗಲಿಲ್ಲ. ಹೊಸಬರನ್ನು ಕರೆದು ತರೋಣವೆಂದರೆ ಅವರಿಗೆ ಕೇಳಿಸುವುದಾದರೂ ಏನನ್ನು? ನಾನೂ ಪ್ರಯತ್ನ ಮಾಡಿ ನೋಡಿದೆ. ದಿನವಿಡೀ ಗಿರಣಿ ಓಡಿಸಿ ಅದರ ಸದ್ದನ್ನು ಕಿವಿ ತುಂಬಿಸಿಕೊಂಡು, ಎಳೀತಾಳ, ಎಳೀತಾಳ ಎಂದು ನೂರು ಸಲ ಹೇಳಿದೆ. ಕಿವಿ ತುಂಬಿತು. ಮನಸ್ಸು ತುಂಬಲಿಲ್ಲ.

ಹೀಗೆ ಎಂಟು ದಿನ. ಸಂಜೆ ಕಿಟಕಿ ತೆರೆಯುತ್ತಿತ್ತು, ಓಣಿ ಸುಮ್ಮನಿರುತ್ತಿತ್ತು. ಸೀರೆಗಳು ನೆಟ್ಟಗೆ ನೇತಾಡುತ್ತಿದ್ದವು. ಬಾಳಪ್ಪ ಬರೆದ ಬೋರ್ಡುಗಳಲ್ಲಿ ಅಕ್ಷರಗಳು ಒಂದಕ್ಕೊಂದು ಅಂಟಿಕೊಂಡು ಚಳಿ ಹಿಡಿದವರಂತೆ ಕಾಣತೊಡಗಿದವು. ಅವನ ಹೆಂಡತಿ ಕಸ್ತೂರಿ ಹಿಟ್ಟು ಒಯ್ಯಲು ಬಂದವಳು, "ರೊಟ್ಟಿ ಮುರದು ಕೈಯಾಗ ಹಿಡಕೊಂಡ ಕುಂದರ್ತಾರ್ರೀ ಅಕ್ಕಾ" ಎಂದಳು.

ಒಂಬತ್ತನೇ ದಿನ ನಾನು ಗಿರಣಿಯಲ್ಲಿ ಕೂತು ಯೋಚಿಸಿದೆ. ಹಸನು ಮಾಡಿದ ಜೋಳವೆಂದು ತಂದು ಸುರುವುತ್ತಾರೆ, ಆದರೂ ಒಂದು ಹರಳು ಇರುತ್ತದೆ. ನೋಡಿದರೆ ಕಾಣುವುದಿಲ್ಲ. ಕಲ್ಲಿಗೆ ಹಾಕಿ ತಿರುಗಿಸಿದಾಗ ಅದು ತಾನೇ ಕಿರ್ ಅನ್ನುತ್ತದೆ. ಹಾರ್ಮೋನಿಯಂ ಮುಂದೆ ಹುಡುಗಿಯನ್ನು ಕೂರಿಸಿ ಇಪ್ಪತ್ತು ವರ್ಷ ಕಲಿಸಿದವನ ಮನಸ್ಸಿನಲ್ಲಿ ಒಂದೂ ಹರಳಿಲ್ಲವೇ? ಅದು ಹೇಗೆ ಸಾಧ್ಯ? ಮೊದಲ ವರ್ಷದ ಹಲಗೆಯಲ್ಲಿ ಊರಿನವರೆಲ್ಲರ ಚೀಟಿ ಇತ್ತು, ಅವನದೊಂದು ಇರಲಿಲ್ಲ. ಮನೆಯಲ್ಲೇ ಹೇಳಿದ್ದನೇನೋ. ಅವಳು ಹೋದ ಮೇಲೆ ಹೇಳಬಾರದು ಎಂದುಕೊಂಡನೇನೋ.

ಸಂಜೆಯ ಮುಂದೆ ಗಿರಣಿ ನಿಲ್ಲಿಸಿ, ಟೇಪ್ ರೆಕಾರ್ಡರು ಎತ್ತಿಕೊಂಡು ಬಣ್ಣದ ಕೋಣೆಗೆ ಹೋದೆ. ಬಾಳಪ್ಪ ಯಾವುದೋ ಬೇಕರಿಯ ಬೋರ್ಡಿಗೆ ಹಳದಿ ತುಂಬುತ್ತಿದ್ದ. ಪೆಟ್ಟಿಗೆಯನ್ನು ಕಿಟಕಿಯಲ್ಲಿಟ್ಟು ಒತ್ತಿದೆ. ಚಕ್ರ ತಿರುಗತೊಡಗಿತು. ಅವನು ತಿರುಗಿ ನೋಡಲಿಲ್ಲ.

"ಬಾಳಪ್ಪ, ಒಂದು ಹೇಳ್ತೀನಿ. ಈ ಕಿವಿ ಬಿಚ್ಚಿದ ಮ್ಯಾಲೆ ಎಲ್ಲಾ ಹಾಡೂ ನೆನಪು ಮಾಡಕೊಂಡ ನೋಡಿದೆ. ಮೊದಲನೇದರಾಗ ಒಂದು ಕೂದಲೆಳಿ ತಪ್ಪಿಲ್ಲ."

"ಹೌದು" ಎಂದ. ಬ್ರಶ್ಶು ನಡೆಯುತ್ತಲೇ ಇತ್ತು.

"ಎರಡನೇದು ಬೆಣ್ಣಿ."

"ಹೌದು, ಕಾಶಕ್ಕಾ."

"ಮೂರನೇದಂತೂ ಬಿಡು. ಆ ಕಡೀ ನುಡಿಯಾಗ ಮ್ಯಾಲಕ್ಕ ಏರ್ತಾಳಲ್ಲ, ಅಂಥಾ ಏರು ನಾ ಯಾರ ಬಾಯಾಗೂ ಕೇಳಿಲ್ಲ. ಮೆಟ್ಟಿಲ ಮ್ಯಾಲೆ ಮೆಟ್ಟಿಲ. ಎಲ್ಲೀ ಅವಸರಿಲ್ಲ, ಎಲ್ಲೀ…"

ಬ್ರಶ್ಶು ನಿಂತಿತು.

ನಾನು ಕೇಳಿಸಿಕೊಂಡೆ. ಕಿರ್ ಅಂದಿತ್ತು ಹರಳು. ಬಿಡಲಿಲ್ಲ. "ಎಲ್ಲೀ ಅವಸರಿಲ್ಲ. ದೇವರ ಪೂಜೀ ಮಾಡಿದಂಗ ಒಂದೊಂದೇ ಸ್ವರ. ಆ ಏರಿನಾಗ ಆಕೀಗೆ ತಪ್ಪು ಹಿಡಿಯಾವ ಹುಟ್ಟಿಲ್ಲ."

"ನಿನಗೇನ್ ತಿಳೀತೈತಿ ಕಾಶಕ್ಕಾ?"

ಅವನು ಎದ್ದು ನಿಂತಿದ್ದ. ಬ್ರಶ್ಶಿನಿಂದ ಹಳದಿ ತೊಟ್ಟಿಕ್ಕುತ್ತಿತ್ತು. "ಅಲ್ಲೇ ತಪ್ಪ್ಯಾಳ ಆಕಿ! ಅಲ್ಲೇ! ಮ್ಯಾಲಿನ ಸ್ವರ ಮುಟ್ಟೂ ಮೊದಲ ಒಂದು ಮೆಟ್ಟಿಲು ಹಾರ್ತಾಳ. ಯಾಕ? ಜನ ಹಾ ಅನ್ನಲಿ ಅಂತ. ಸಾವಿರ ಸಲ ಹೇಳೀನಿ, ಹಾರಬ್ಯಾಡ ಸುಗಲಾ, ಏರು ಅಂತ. ಯಂತ್ರದವರು ಇನ್ನೊಮ್ಮೆ ಹಾಡಸ್ತೀನಿ ಅಂದ್ರು. ಈಕಿ ಒಲ್ಲೆ ಅಂದ್ಲು. ಅಣ್ಣಾ ನಿನಗ ಬರೇ ತಪ್ಪೇ ಕಾಣ್ತೈತಿ ಅಂದ್ಲು. ಮೂರು ದಿನ ನನ್ನ ಜೋಡಿ ಮಾತಾಡ್ಲಿಲ್ಲ. ನಾ ಮಾಡಿದ ರೊಟ್ಟಿ ಮುಟ್ಲಿಲ್ಲ. ನಾನು ಸೋತು, ಆತವಾ, ಚಂದ ಹಾಡೀದಿ ಅಂತ ಸುಳ್ಳು ಹೇಳಿದೆ. ಸುಳ್ಳು! ಕೆಟ್ಟ ಏರು ಅದು! ಅಷ್ಟು ಛಲೋ ಗಂಟಲ ಇಟಗೊಂಡು, ಆ ಹುಡಿಗಿ, ಆ ಮಬ್ಬ ಹುಡಿಗಿ…"

ಕಿಟಕಿಯಲ್ಲಿ ತಂಬೂರಿ ಮಿಡಿಯಿತು.

ನಾವಿಬ್ಬರೂ ಅಲುಗಲಿಲ್ಲ. ತಂಬೂರಿಯ ಹಿಂದೆ ತಬಲಾ ಬಂತು, ತಬಲಾದ ಹಿಂದೆ ಅವಳು ಬಂದಳು. ಮೂರನೇ ಹಾಡಿನ ಕೊನೆಯ ನುಡಿ. ಓಣಿಯಲ್ಲಿ ಯಾರೋ ಬಾಗಿಲು ತೆರೆದರು. ಹಗ್ಗದ ಮೇಲೆ ಒಂದು ಸೀರೆ ಮೆಲ್ಲಗೆ ಹೊರಳಿತು. ಸುಗಲಾ ಏರತೊಡಗಿದಳು, ಒಂದು ಮೆಟ್ಟಿಲು, ಇನ್ನೊಂದು, ಆಮೇಲೆ ಇದ್ದಕ್ಕಿದ್ದಂತೆ, ಓಡಿ ಬಂದ ಮಗು ಹೊಸ್ತಿಲು ಹಾರಿದಂತೆ, ಹಾರಿದಳು.

"ನೋಡು!" ಎಂದ ಬಾಳಪ್ಪ, ಕಿಟಕಿಯ ಕಡೆ ಬ್ರಶ್ಶು ಚಾಚಿ. ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ದನಿಯಲ್ಲಿ ಸಿಟ್ಟಿತ್ತು. "ನೋಡು, ಮತ್ತ ಹಂಗ ಮಾಡಿದ್ಲು!"

ಮರುದಿನ ಹಲಗೆಯ ಮೇಲಿನ ನನ್ನ ಹಳೆಯ ಚೀಟಿ ತೆಗೆದೆ. ಆ ಜಾಗಕ್ಕೆ ಬಾಳಪ್ಪ ತನ್ನದನ್ನು ಅಂಟಿಸಿದ. ಬೋರ್ಡಿನವನಲ್ಲವೇ, ಚೀಟಿಯಲ್ಲ, ಒಂದು ಅಗಲದ ತಗಡು. ಕೆಂಪು ಅಕ್ಷರಗಳಿಗೆ ಕಪ್ಪು ನೆರಳು ಕೊಟ್ಟು, ದೂರದಿಂದ ಓದುವಂತೆ ಬರೆದಿದ್ದ: 'ಮೂರನೇ ಹಾಡು. ಏರುವಲ್ಲಿ ಹಾರಿದ್ದಾಳೆ. ಅಣ್ಣನ ಮಾತು ಕೇಳಿಲ್ಲ.' ಈಗ ದಿನವೂ ಸಂಜೆ ಅವನು ಆ ಜಾಗದಲ್ಲಿ ತಂಗಿಯನ್ನು ಬೈಯುವುದು ಗೋಡೆಯಾಚೆಯಿಂದ ನನಗೆ ಕೇಳುತ್ತದೆ. ಬೈದು ಮುಗಿಸಿ ಊಟಕ್ಕೆ ಕೂರುತ್ತಾನೆ ಎಂದು ಕಸ್ತೂರಿ ಹೇಳುತ್ತಾಳೆ.

ಅದಾದ ಮೇಲೆ ನಾಲ್ಕನೇ ಹಾಡು ಬರುತ್ತದೆ. ಎರಡನೇ ನುಡಿ ಹತ್ತಿರವಾದಾಗ ನಾನು ಕೈ ಚಾಚಿ ಮೋಟಾರು ಆರಿಸುತ್ತೇನೆ. ಕಲ್ಲು ತಿರುಗಿ ತಿರುಗಿ ನಿಲ್ಲುತ್ತದೆ, ಹಿಟ್ಟು ಗಾಳಿಯಲ್ಲಿ ತೇಲುತ್ತದೆ. ಸಾಲಿನಲ್ಲಿದ್ದವರು ಗೊಣಗುತ್ತಾರೆ. ಮೊನ್ನೆ ಹೊಸದಾಗಿ ಊರಿಗೆ ಬಂದ ಹೆಣ್ಣುಮಗಳೊಬ್ಬಳು ತನ್ನ ಡಬ್ಬಿಯೊಳಗೆ ಇಣುಕಿ, "ಯಾಕ್ರೀ ನಿಂದ್ರಿಸಿದ್ರಿ? ನಂದು ಇನ್ನೂ ಅರ್ಧ ಐತಲ್ರೀ" ಎಂದಳು.

"ಒಂದು ಗಳಿಗಿ ತಡಿಯವಾ" ಎಂದೆ. "ಗ್ವಾಡಿ ಆಚೀಕ ಒಬ್ಬಾಕಿ ಕಾಯಾಕತ್ತಾಳ."